ಕಾಣದ ದಾರಕ್ಕೆ ಚಿನ್ನ ಪೋಣಿಸಿದ್ದು

ಕಣ್ಣಿಗೆ ಕಾಣದ ವಸ್ತುವನ್ನು ಇಟ್ಟುಕೊಂಡು ಕೆಲಸ ಮಾಡುವವರಿಗೆ ನಗೆಪಾಟಲು ತಪ್ಪಿದ್ದಲ್ಲ. ಒಂದು ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಮೊದಮೊದಲು ನನಗೆ ಅವಮಾನವಾಗುತ್ತಿತ್ತು. ಆಮೇಲಾಮೇಲೆ, ಮನೆಗೆ ಹೋಗಿ ಹೇಳಲು ಏನಾದರೂ ಸಿಕ್ಕಿತಲ್ಲ ಎಂದು ಖುಷಿಪಡುವುದನ್ನು ಕಲಿತೆ.

ನಾನು ಮಂಡ್ಯ ಕಡೆಯವಳು. ಕಾಲೇಜಿನಲ್ಲಿ ಜೊತೆಗೆ ಓದಿದವರನ್ನೇ ಮದುವೆಯಾಗಿ ಚೆನ್ನೈನ ವೆಸ್ಟ್ ಮಾಂಬಲಂಗೆ ಬಂದೆ. ನಮ್ಮ ಮಾವನವರದು ಉಡುಪಿ ಕಡೆ. ಸ್ಟೇಷನ್ನಿನ ಹತ್ತಿರದ ಬೀದಿಯಲ್ಲಿ ಅವರದ್ದೊಂದು ಸಣ್ಣ ವೆಜಿಟೇರಿಯನ್ ಹೋಟೆಲು. ಮದುವೆಯ ಮಾತುಕತೆಯ ದಿನ ನಾನು ಅಂಜುತ್ತಲೇ, "ಮುಂದೆ ಪಿಎಚ್.ಡಿ ಮಾಡೋ ಆಸೆ ಇದೆ" ಎಂದಿದ್ದೆ. ಎಲ್ಲರೂ ಮಾವನ ಮುಖ ನೋಡಿದರು. ಅವರು, "ಮಾಡಲಿ. ನಮ್ಮಲ್ಲಿ ಅಡುಗೆಗೆ ಬೇಕಾದಷ್ಟು ಜನ ಉಂಟು, ಓದುವುದಕ್ಕೇ ಜನ ಇಲ್ಲ" ಎಂದರು. ಹಾಗೆ ನಾನು ಹೋಟೆಲಿನವರ ಮನೆಯಿಂದ ದಿನಾ ಎಲೆಕ್ಟ್ರಿಕ್ ಟ್ರೈನ್ ಹಿಡಿದು ಲ್ಯಾಬಿಗೆ ಹೋಗುವ ಸೊಸೆಯಾದೆ.

ಲ್ಯಾಬಿನಲ್ಲಿ ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಚಿನ್ನವನ್ನು ತೀರಾ ಸಣ್ಣ ಕಣಗಳನ್ನಾಗಿ ಮಾಡಿದರೆ ಅದರ ಹಳದಿ ಬಣ್ಣ ಹೋಗುತ್ತದೆ. ಆ ಕಣಗಳು ತೇಲುತ್ತಿರುವ ನೀರು ಕೆಂಪಗೆ ಕಾಣುತ್ತದೆ. ಕಣಗಳು ಒಂದಕ್ಕೊಂದು ಹತ್ತಿರ ಬಂದರೆ ಅದೇ ನೀರು ನೇರಳೆಯಾಗುತ್ತದೆ, ಇನ್ನೂ ಒತ್ತಿಕೊಂಡರೆ ನೀಲಿಯಾಗುತ್ತದೆ. ಈ ಕಣಗಳನ್ನು ನಮಗೆ ಬೇಕಾದ ಜಾಗದಲ್ಲಿ, ಬೇಕಾದ ಅಂತರದಲ್ಲಿ ಕೂರಿಸುವುದೇ ನಮ್ಮ ಕೆಲಸ. ಅಷ್ಟು ಸಣ್ಣದನ್ನು ಎತ್ತಿ ಇಡುವ ಚಿಮಟ ಎಲ್ಲೂ ಇಲ್ಲ. ಅದಕ್ಕೆ ಡಿಎನ್ಎ ಬೇಕು. ಡಿಎನ್ಎ ಎಳೆಯಲ್ಲಿ ನಾಲ್ಕೇ ಅಕ್ಷರ, ಪ್ರತಿ ಅಕ್ಷರಕ್ಕೂ ಗೊತ್ತಾದ ಒಂದೇ ಜೋಡಿ. ಪ್ರತಿ ಚಿನ್ನದ ಕಣಕ್ಕೂ ಒಂದು ಗಿಡ್ಡ ಎಳೆಯನ್ನು ಅಂಟಿಸಿ, ಉದ್ದದ ಒಂದು ಎಳೆಯನ್ನು ಅಚ್ಚಿನ ಹಾಗೆ ಇಟ್ಟರೆ, ಪ್ರತಿ ಕಣವೂ ತನ್ನ ಜೋಡಿ ಇರುವ ಜಾಗವನ್ನು ತಾನೇ ಹುಡುಕಿಕೊಂಡು ಹೋಗಿ ಕೂರುತ್ತದೆ. ಮುಂದೊಂದು ದಿನ ದೊಡ್ಡ ಯಂತ್ರವಿಲ್ಲದ ಊರಿನಲ್ಲೂ ನೀರಿನ ಬಣ್ಣ ನೋಡಿಯೇ ರೋಗ ಇದೆಯೋ ಇಲ್ಲವೋ ಹೇಳುವಂತಾಗಬೇಕು ಎಂಬುದು ನಮ್ಮ ಮೇಡಂ ಕನಸು.

ಮೇಡಂ ಅಂದರೆ ನನ್ನ ಗೈಡ್. ತಮಿಳರು. ಹತ್ತಿಯ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ. ಅವರು ಸಿಟ್ಟು ಮಾಡಿದ್ದನ್ನು ನಾನು ನೋಡಿಲ್ಲ. ಅದು ಅವರಿಗೆ ಎಷ್ಟು ಕಷ್ಟವಾಗಿದ್ದಿರಬೇಕು ಎಂಬುದು ಮುಂದೆ ನಿಮಗೇ ಗೊತ್ತಾಗುತ್ತದೆ.

ಚಿನ್ನ ಬಾಟಲಿ

ನಾನು ಲ್ಯಾಬಿಗೆ ಸೇರಿದ ಹೊಸತು. ತಮಿಳು ಅರ್ಧಂಬರ್ಧ ಅರ್ಥವಾಗುತ್ತಿತ್ತು. ಅರ್ಥವಾಗದ ಅರ್ಧವನ್ನು ಊಹೆಯಿಂದ ತುಂಬಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಮೇಡಂ ತಮ್ಮ ಕೋಣೆಯ ಕಿಟಕಿಯ ಹತ್ತಿರ ನಿಂತಿದ್ದವರು ನನ್ನನ್ನು ಕರೆದು, "ಅಂದ ಚಿನ್ನ ಬಾಟಿಲ್ ಎಡುತ್ತುಟ್ಟು ವಾಮ್ಮಾ" ಎಂದರು. ಬಾಟಲಿ ತಾ ಅನ್ನುತ್ತಿದ್ದಾರೆ, ಅದೂ ಚಿನ್ನದ ಬಾಟಲಿ. ನನಗೆ ರೋಮಾಂಚನವಾಯಿತು. ಸೇರಿ ವಾರವಾಗಿಲ್ಲ, ಆಗಲೇ ಚಿನ್ನ ಮುಟ್ಟಲು ಬಿಡುತ್ತಿದ್ದಾರಲ್ಲ ಎಂದುಕೊಂಡೆ.

ಚಿನ್ನದ ಲವಣದ ಬಾಟಲಿ ಬೀಗ ಹಾಕಿದ ಕಪಾಟಿನಲ್ಲಿರುತ್ತಿತ್ತು. ಬೀಗದ ಕೈ ತಾಂಬರಂನಿಂದ ಬರುವ ನನ್ನ ಸಹಪಾಠಿಯ ಹತ್ತಿರ. ಅವಳೂ ಮೇಡಂ ಹತ್ತಿರವೇ ಪಿಎಚ್.ಡಿ ಮಾಡುತ್ತಿದ್ದಳು, ನನಗಿಂತ ಸ್ವಲ್ಪ ಮೊದಲು ಸೇರಿದವಳು. "ಮೇಡಂಗೆ ಗೋಲ್ಡ್ ಬೇಕಂತೆ" ಅಂದೆ. ಅವಳು ಏನೂ ಕೇಳದೆ ತೆಗೆದುಕೊಟ್ಟಳು. ಕೈಗೆ ಗ್ಲೌಸ್ ಹಾಕಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಆರತಿ ತಟ್ಟೆ ತರುವವಳ ಹಾಗೆ ನಡೆದು ಹೋಗಿ ಕೊಟ್ಟೆ.

ಮೇಡಂ ಬಾಟಲಿ ನೋಡಿದರು, ನನ್ನನ್ನು ನೋಡಿದರು, ಕಿಟಕಿಯ ಮೇಲಿದ್ದ ಮನಿಪ್ಲಾಂಟ್ ನೋಡಿದರು. "ನನಗೆ ಗಿಡಕ್ಕೆ ನೀರು ಹಾಕಬೇಕಿತ್ತು. ಅಲ್ಲಿ ಮೇಜಿನ ಮೇಲೆ ಸಣ್ಣ ಬಾಟಲಿ ಇದೆಯಲ್ಲ, ಅದನ್ನು ಕೇಳಿದೆ" ಎಂದು ಇಂಗ್ಲಿಷಿನಲ್ಲಿ ಹೇಳಿದರು.

ತಮಿಳಿನಲ್ಲಿ ಚಿನ್ನ ಅಂದರೆ ಸಣ್ಣದು ಎಂದು ನನಗೆ ಗೊತ್ತಾದದ್ದು ಆವಾಗಲೇ. ಕನ್ನಡದಲ್ಲಿ ಅದರ ಅರ್ಥ ಏನೆಂದು ಮೇಡಂ ಕೇಳಿದರು. ಹೇಳಿದೆ. ಕುರ್ಚಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ, "ನೋಡು, ನಮ್ಮ ಲ್ಯಾಬಿಗೆ ಹೇಳಿ ಮಾಡಿಸಿದ ಮಾತು ಇದು. ನಾವು ಮಾಡುವ ವಸ್ತುವೂ ಚಿನ್ನ, ಅದರ ಅಳತೆಯೂ ಚಿನ್ನ. ನಿನ್ನದೂ ತಪ್ಪಲ್ಲ, ನನ್ನದೂ ತಪ್ಪಲ್ಲ" ಎಂದರು. ಹೊಸಬಳನ್ನು ಅಷ್ಟು ಚೆಂದವಾಗಿ ಬಚಾವು ಮಾಡಿದವರನ್ನು ನಾನು ಕಂಡಿರಲಿಲ್ಲ.

ಆದರೆ ಅವರು ಹುಷಾರು. ಅಂದಿನಿಂದ ನನ್ನ ಹತ್ತಿರ ಏನು ಕೇಳುವುದಿದ್ದರೂ ಭಾಷೆ ಸೇರಿಸಿಯೇ ಕೇಳುತ್ತಿದ್ದರು. "ತಮಿಳ್ ಚಿನ್ನ ಸ್ಪೂನ್ ಕೊಡಮ್ಮಾ."

ಖಾಲಿ ಬಂದಿದೆ

ನಮಗೆ ಬೇಕಾದ ಡಿಎನ್ಎಯನ್ನು ನಾವೇ ಮಾಡುವುದಿಲ್ಲ. ಯಾವ ಅಕ್ಷರದ ಮುಂದೆ ಯಾವ ಅಕ್ಷರ ಬರಬೇಕು ಎಂದು ಬರೆದು ಕಂಪನಿಗೆ ಕಳಿಸಿದರೆ, ಅವರು ಮಾಡಿ ಒಣಗಿಸಿ ಪುಟ್ಟ ಪ್ಲಾಸ್ಟಿಕ್ ಟ್ಯೂಬುಗಳಲ್ಲಿ ಹಾಕಿ ಕಳಿಸುತ್ತಾರೆ. ಒಣಗಿದ ಡಿಎನ್ಎ ಅಂದರೆ ಟ್ಯೂಬಿನ ತಳದಲ್ಲಿ ಒಂದು ಮಂಜಿನಂಥ ಪೊರೆ. ಹೆಚ್ಚಿನ ಸಲ ಅದೂ ಕಾಣುವುದಿಲ್ಲ.

ನನ್ನ ಮೊದಲ ಡಿಎನ್ಎಗಾಗಿ ಕಾದು ಕಾದು ಸಾಕಾಗಿ ಸ್ಟೋರ್ಸಿಗೆ ಫೋನ್ ಮಾಡಿದೆ. ಅಲ್ಲಿನ ಅಧಿಕಾರಿ ನಿವೃತ್ತಿಗೆ ಹತ್ತಿರ ಬಂದವರು, ತುಂಬಾ ಶಿಸ್ತಿನ ಮನುಷ್ಯ. "ಬಂತಮ್ಮಾ. ಆದರೆ ನಿಮಗೆ ಮೋಸ ಆಗಿದೆ. ಅಷ್ಟೂ ಟ್ಯೂಬ್ ಖಾಲಿ. ನಾನು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆ. ವಾಪಸ್ ಕಳಿಸಲು ಪ್ಯಾಕ್ ಮಾಡಿಸುತ್ತಿದ್ದೇನೆ" ಎಂದರು.

ನಾನು ಮೇಡಂಗೆ ಸುದ್ದಿ ಮುಟ್ಟಿಸಿದೆ. ಇಬ್ಬರೂ ಸ್ಟೋರ್ಸಿಗೆ ಓಡಿದೆವು. ಮೇಡಂ ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. "ಮೇಡಂ, ನಿಮ್ಮ ಮೇಲೆ ನನಗೆ ಗೌರವ ಇದೆ. ಆದರೆ ನನ್ನ ಕಣ್ಣಿಗೆ ಕಾಣದ್ದನ್ನು ಬಂದಿದೆ ಅಂತ ನಾನು ಹೇಗೆ ಸಹಿ ಮಾಡಲಿ?"

ಬೇರೆ ಯಾರಾದರೂ ಆಗಿದ್ದರೆ ಮೇಲಿನವರಿಗೆ ದೂರು ಕೊಡುತ್ತಿದ್ದರು. ಮೇಡಂ, "ನೀವು ಹೇಳೋದು ಸರಿ ಸರ್. ಸಾಕ್ಷಿ ಇಲ್ಲದೆ ಒಪ್ಪಬಾರದು. ಬನ್ನಿ, ನೋಡಿ" ಎಂದು ಅವರನ್ನೇ ಲ್ಯಾಬಿಗೆ ಕರೆತಂದರು. ಅವರ ಎದುರಿಗೇ ಒಂದು ಟ್ಯೂಬಿಗೆ ನೀರು ಹಾಕಿ, ಕರಗಿಸಿ, ಅದರ ಒಂದು ತೊಟ್ಟನ್ನು ಯಂತ್ರದಲ್ಲಿಟ್ಟು ಬೆಳಕು ಹಾಯಿಸಿದೆವು. ಮೊದಲು ಬರಿಯ ನೀರು: ತೆರೆಯ ಮೇಲೆ ಗೆರೆ ನೆಲದಲ್ಲೇ ಮಲಗಿತ್ತು. ಆಮೇಲೆ ಟ್ಯೂಬಿನ ನೀರು: ಗೆರೆ ಗುಡ್ಡದ ಹಾಗೆ ಎದ್ದು ಇಳಿಯಿತು. "ಆ ಗುಡ್ಡ ಇದೆಯಲ್ಲ, ಅದೇ ಡಿಎನ್ಎ" ಎಂದರು ಮೇಡಂ. ಸ್ಟೋರ್ಸಿನವರು ಇನ್ನೊಂದು ಸಲ ಮಾಡಿಸಿ ನೋಡಿದರು. ಇನ್ನೊಂದು ಟ್ಯೂಬು ತೆಗೆಸಿ ನೋಡಿದರು. ಕೊನೆಗೆ ತಲೆಯಾಡಿಸಿ ಸಹಿ ಹಾಕಿ ಹೋದರು. ಅವರು ಹೋದ ಮೇಲೆ ಮೇಡಂ ನಮಗೆ, "ನಮ್ಮ ಕಟ್ಟಡದಲ್ಲಿ ಅವರೊಬ್ಬರು ನಿಜವಾದ ವಿಜ್ಞಾನಿ. ನೀವೂ ಹಾಗೇ ಇರಬೇಕು" ಎಂದು ಪಾಠ ಮಾಡಿದರು.

ಕೆಲವು ದಿನ ಕಳೆದ ಮೇಲೆ ನಾವು ಬಳಸುವ ಪ್ಲಾಸ್ಟಿಕ್ ಟ್ಯೂಬುಗಳ ಹೊಸ ಚೀಲ ಬಂತು. ಬರಿಯ ಟ್ಯೂಬು, ಅದರಲ್ಲಿ ಏನೂ ಇರುವುದಿಲ್ಲ. ಸ್ಟೋರ್ಸಿನಿಂದ ಅವರೇ ಫೋನ್ ಮಾಡಿದರು, ದನಿ ತಗ್ಗಿಸಿ. "ಅಮ್ಮಾ, ಒಂದು ಚೀಲ ಪೂರ್ತಿ ಟ್ಯೂಬ್ ಬಂದಿದೆ. ಎಷ್ಟು ನೋಡಿದರೂ ಒಳಗೆ ಏನೂ ಕಾಣುವುದಿಲ್ಲ. ತುಂಬಾ ಒಳ್ಳೆಯ ಸರಕು ಇರಬೇಕು. ಬೇಗ ಬಂದು ಫ್ರೀಜರಿನಲ್ಲಿ ಇಟ್ಟುಬಿಡಿ."

ಓದೋಕೆ ಬರಲ್ಲ

ನಮ್ಮ ಅತ್ತೆಗೆ ನನ್ನ ಕೆಲಸದ ಬಗ್ಗೆ ಬಹಳ ಹೆಮ್ಮೆ. ಎದುರು ಫ್ಲಾಟಿನ ಮಾಮಿಗೆ, "ನಮ್ಮ ಸೊಸೆಗೆ ಡಿಎನ್ಎ ಲ್ಯಾಬಿನಲ್ಲಿ ಕೆಲಸ" ಎಂದು ಹೇಳಿಬಿಟ್ಟಿದ್ದರು. ಡಿಎನ್ಎ ಅಂದರೆ ಟೀವಿಯಲ್ಲಿ ಪೊಲೀಸರು ಕೂದಲು ಎತ್ತಿಕೊಂಡು ಹೋಗುತ್ತಾರಲ್ಲ, ಅದು ಎಂದು ಮಾಮಿಗೆ ಗೊತ್ತಿತ್ತು.

ಒಂದು ಭಾನುವಾರ ಮಾಮಿ ನಮ್ಮ ಮನೆಗೆ ಬಂದು, ಸೆರಗಿನ ಮರೆಯಿಂದ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. ಬಿಡಿಸಿದೆ. ಎರಡೋ ಮೂರೋ ಸಣ್ಣ ಕೂದಲು.

"ನಮ್ಮ ಮೊಮ್ಮಗಂದು" ಎಂದರು ಮಾಮಿ. ಅವರು ತಮಿಳಿನಲ್ಲಿ ಹೇಳುತ್ತಿದ್ದರು, ನಾನು ಕನ್ನಡದಲ್ಲೇ ಬರೆಯುತ್ತಿದ್ದೇನೆ. "ಏನು ಹಠ ಅಂತೀಯಾ. ಅನ್ನ ಕಂಡರೆ ಬಾಯಿ ಮುಚ್ಚುತ್ತಾನೆ, ಸ್ನಾನ ಅಂದರೆ ಮಂಚದ ಕೆಳಗೆ ಹೋಗುತ್ತಾನೆ. ನನ್ನ ಮಗ ಹೀಗಿರಲಿಲ್ಲ. ಈ ಹಠ ಸೊಸೆ ಕಡೆಯಿಂದ ಬಂದಿದ್ದು ಅಂತ ನಾನು ಹೇಳಿದರೆ ಜಗಳ ಆಗುತ್ತೆ. ನೀನು ಲ್ಯಾಬಿನಲ್ಲಿ ನೋಡಿ ಹೇಳಿಬಿಟ್ಟರೆ ಯಾರೂ ಮಾತಾಡುವ ಹಾಗಿಲ್ಲ."

ನಾನು ಸಮಾಧಾನವಾಗಿ ವಿವರಿಸಿದೆ. "ಮಾಮಿ, ನಮ್ಮ ಲ್ಯಾಬಲ್ಲಿ ಡಿಎನ್ಎ ಓದೋದಿಲ್ಲ. ಅದನ್ನು ದಾರದ ಹಾಗೆ ಉಪಯೋಗಿಸಿ ಅದಕ್ಕೆ ಚಿನ್ನದ ಕಣ ಪೋಣಿಸ್ತೀವಿ, ಅಷ್ಟೇ."

ಮಾಮಿ ನನ್ನನ್ನೇ ನೋಡಿದರು. ಅವರ ಮುಖದಲ್ಲಿ ಕನಿಕರವಿತ್ತು. "ಪಾಪ. ಇಷ್ಟು ವರ್ಷ ಓದಿಯೂ ಅದನ್ನು ಓದೋಕೆ ಬರಲ್ವಾ? ಬರಲಿಲ್ಲ ಅಂತ ದಾರ ಮಾಡಿಕೊಂಡಿರಾ?"

ಅತ್ತೆಯ ಮುಖ ಸಣ್ಣದಾಯಿತು. ಮೂಲೆಯಲ್ಲಿ ಕೂತು ಹೀರೆಕಾಯಿ ಹೆರೆಯುತ್ತಿದ್ದ ಮಾವ ತಲೆ ಎತ್ತದೆ ಹೇಳಿದರು: "ಹೋಟೆಲಿನಲ್ಲಿ ನಾವು ಪೇಪರಿನಲ್ಲಿ ವಡೆ ಕಟ್ಟಿ ಕೊಡ್ತೇವೆ. ಕಟ್ಟುವವ ಅದನ್ನು ಓದಿಯೇ ಕಟ್ಟಬೇಕು ಅಂತ ಎಂತ ಉಂಟು?"

ಮಾಮಿ ಪೊಟ್ಟಣ ಮಡಚಿಕೊಂಡು ಎದ್ದರು. ನನ್ನ ಪಿಎಚ್.ಡಿಯನ್ನು ಅಷ್ಟು ಚಿಕ್ಕ ಮಾತಿನಲ್ಲಿ ಸಮರ್ಥಿಸಿಕೊಳ್ಳಲು ನನಗೆ ಇಂದಿಗೂ ಬಂದಿಲ್ಲ.

ಯಾರ ಮನೆ ನೀರು

ಚಿನ್ನದ ಕಣಗಳಿಗೆ ಉಪ್ಪು ಅಂದರೆ ಆಗುವುದಿಲ್ಲ. ಮೈಮೇಲೆ ಡಿಎನ್ಎ ಇಲ್ಲದ ಬರಿಯ ಕಣಗಳಿಗೆ ಉಪ್ಪು ನೀರು ತಾಗಿದರೆ ಒಂದಕ್ಕೊಂದು ಮುದ್ದೆಯಾಗಿ ಅಂಟಿಕೊಂಡು ನೀಲಿಯಾಗಿಬಿಡುತ್ತವೆ. ಆಮೇಲೆ ಏನು ಮಾಡಿದರೂ ಬಿಡಿಸಲು ಬರುವುದಿಲ್ಲ. ಅದಕ್ಕೇ ಎಲ್ಲವನ್ನೂ ಶುದ್ಧ ಮಾಡಿದ ನೀರಿನಲ್ಲೇ ತೊಳೆಯಬೇಕು.

ಒಂದು ಬೇಸಿಗೆಯಲ್ಲಿ ನೀರು ಶುದ್ಧ ಮಾಡುವ ಯಂತ್ರ ಕೆಟ್ಟಿತು. ತಾಂಬರಂನ ಸಹಪಾಠಿ ಅಭ್ಯಾಸಬಲದಿಂದ ದೊಡ್ಡ ಫ್ಲಾಸ್ಕನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದಳು. ಅವತ್ತು ನಲ್ಲಿಯಲ್ಲಿ ಬರುತ್ತಿದ್ದದ್ದು ಬೋರ್ ನೀರು. ತಳದಲ್ಲಿ ಉಳಿದ ನೀರಿನ ಮೇಲೆಯೇ ನಾವು ತಿಂಗಳಿಂದ ಕೂಡಿಟ್ಟಿದ್ದ ಕೆಂಪು ಚಿನ್ನವನ್ನೆಲ್ಲ ಸುರಿದಳು. ನಾವು ನೋಡುತ್ತಿದ್ದ ಹಾಗೆ ಕೆಂಪು ಹೋಗಿ ನೇರಳೆ, ನೇರಳೆ ಹೋಗಿ ನೀಲಿ. ಅವಳು ಸ್ಟೂಲಿನ ಮೇಲೆ ಕೂತು ಅಳಲು ಶುರು ಮಾಡಿದಳು. ಅವಳ ಥೀಸಿಸಿನ ಕೊನೆಯ ಅಧ್ಯಾಯಕ್ಕೆ ಬೇಕಾದ ಚಿನ್ನ ಅದು.

ಮೇಡಂ ಬಂದರು. ಫ್ಲಾಸ್ಕನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. "ನೀಲಿ ಚೆನ್ನಾಗಿ ಬಂದಿದೆ" ಎಂದರು. ಅವಳು ಇನ್ನೂ ಜೋರಾಗಿ ಅತ್ತಳು. ಮೇಡಂ ಅವಳ ಪಕ್ಕದಲ್ಲಿ ಇನ್ನೊಂದು ಸ್ಟೂಲು ಎಳೆದುಕೊಂಡು ಕೂತು, "ಅಳೋದಾದರೆ ಅಳು. ಮುಗಿದ ಮೇಲೆ ಒಂದು ಪ್ರಶ್ನೆ. ನಲ್ಲಿ ನೀರಿನಲ್ಲಿ ಎಷ್ಟು ಉಪ್ಪಿದೆ ಅಂತ ಇದರಿಂದ ಹೇಳಬಹುದಾ?" ಎಂದರು. ಅವಳು ಮೂಗೊರೆಸಿಕೊಂಡು ಯೋಚನೆ ಮಾಡಿದಳು. "ಹೇಳಬಹುದು ಅನಿಸುತ್ತೆ ಮೇಡಂ." "ಸರಿ. ನಾಳೆ ಎಲ್ಲರೂ ಮನೆಯಿಂದ ಒಂದೊಂದು ಬಾಟಲಿ ನೀರು ತನ್ನಿ."

ಮರುದಿನ ನಮ್ಮ ವಿಭಾಗದಲ್ಲಿ ಜಾತ್ರೆ. ಸುದ್ದಿ ತಿಳಿದು ಆಫೀಸಿನವರು, ಗೇಟಿನ ಸೆಕ್ಯುರಿಟಿಯವರು ಕೂಡ ನೀರು ತಂದಿದ್ದರು. ಸಾಲಾಗಿ ಟ್ಯೂಬುಗಳನ್ನಿಟ್ಟು, ಪಕ್ಕದ ವಿಭಾಗದಿಂದ ಶುದ್ಧ ನೀರು ತಂದು ಹೊಸದಾಗಿ ಕಾಯಿಸಿ ಮಾಡಿದ ಕೆಂಪು ಚಿನ್ನ ಹಾಕಿ, ಪ್ರತಿಯೊಂದಕ್ಕೂ ಒಬ್ಬೊಬ್ಬರ ಮನೆ ನೀರು ಬಿಟ್ಟೆವು. ತಿರುವೊಟ್ಟಿಯೂರಿನ ಸಮುದ್ರದ ಬದಿಯಿಂದ ಬರುವ ಸೆಕ್ಯುರಿಟಿಯವರ ನೀರು ಬಿದ್ದ ತಕ್ಷಣ ನೀಲಿ. ಅವರು ಅಕ್ಕಪಕ್ಕದವರಿಗೆ, "ನಮ್ಮ ಏರಿಯಾನೇ ಫಸ್ಟ್" ಎಂದು ಹೇಳಿಕೊಂಡರು. ನಮ್ಮ ಮಾಂಬಲಂ ನೀರು ಮಂಕು ನೇರಳೆ. ತಾಂಬರಂನದು ಇನ್ನೂ ಸ್ವಲ್ಪ ಕೆಂಪು, ಹಾಗಾಗಿ ಹಿಂದಿನ ದಿನ ಅತ್ತಿದ್ದ ನಮ್ಮ ಸಹಪಾಠಿಯೂ ನಕ್ಕಳು.

ಅಲ್ಲಿಗೆ ವಿಭಾಗದ ಮುಖ್ಯಸ್ಥರು ಬಂದರು. ಹೊಸದಾಗಿ ದೊಡ್ಡ ಅಪಾರ್ಟ್‌ಮೆಂಟಿಗೆ ಹೋಗಿದ್ದವರು. ನೀರನ್ನು ಶುದ್ಧ ಮಾಡುವ ಮೆಷಿನ್ನು ಅವರ ಇಡೀ ಕಟ್ಟಡಕ್ಕೇ ಇದೆ ಎಂದು ಊಟದ ಹೊತ್ತಿನಲ್ಲಿ ಎಲ್ಲರಿಗೂ ಹೇಳಿಯಾಗಿತ್ತು. ತಮ್ಮ ಬಾಟಲಿಯನ್ನು ತಾವೇ ತೆರೆದು ಹಾಕಿದರು. ಟ್ಯೂಬು ತಿರುವೊಟ್ಟಿಯೂರಿಗಿಂತ ಗಾಢವಾದ ನೀಲಿಯಾಯಿತು. ಅವರು ಟ್ಯೂಬನ್ನು ಅಲ್ಲಾಡಿಸಿ, ಕನ್ನಡಕ ತೆಗೆದು ನೋಡಿ, ಕನ್ನಡಕ ಹಾಕಿ ನೋಡಿ, ಮೇಡಂ ಕಡೆ ತಿರುಗಿ ಗಂಭೀರವಾಗಿ ಹೇಳಿದರು: "ನೀರಿನಲ್ಲಿ ಏನೂ ತೊಂದರೆ ಇಲ್ಲ. ನಿಮ್ಮ ಚಿನ್ನವೇ ಡೂಪ್ಲಿಕೇಟ್."

ಅತ್ತೆಯ ಕೋಲ

ನನ್ನ ಕೆಲಸ ಬಹಳ ಕಾಲ ಕೈಗೂಡಲಿಲ್ಲ. ಉದ್ದದ ಎಳೆಯ ಮೇಲೆ ಕಣಗಳು ಸಾಲಾಗಿ ಕೂರಬೇಕು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎಲ್ಲೋ ಎರಡು, ಎಲ್ಲೋ ಒಂದು ಮುದ್ದೆ, ಉಳಿದ ಕಡೆ ಬಟಾಬಯಲು. ಮನೆಗೆ ಬಂದು ಊಟಕ್ಕೆ ಕೂತರೆ ಮಾವ ನನ್ನ ಮುಖ ನೋಡಿಯೇ, "ಇವತ್ತೂ ಕೂರಲಿಲ್ಲವಾ ಮಾರಾಯ್ತಿ? ಇರಲಿ, ನಾಳೆ ಕೂರ್ತದೆ. ಸಾರು ಹಾಕ್ಕೊ" ಅನ್ನುತ್ತಿದ್ದರು. ಮೇಡಂ ಅಂತೂ ಪ್ರತಿ ಸಲವೂ ಹೊಸದಾಗಿ ಏನೋ ಸಿಕ್ಕಿದೆ ಎಂಬ ಹಾಗೆ, "ಇವತ್ತು ಏನು ನೋಡಿದೆ, ಹೇಳು" ಎಂದು ಕೇಳುತ್ತಿದ್ದರು. ಏನೂ ಕಾಣಲಿಲ್ಲ ಅಂದರೆ, "ಏನು ಕಾಣಲಿಲ್ಲ, ಅದನ್ನು ಹೇಳು" ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ತೆರೆಯ ಮೇಲೆ ಕಪ್ಪು ಚುಕ್ಕಿಗಳು ಒಂದರ ಹಿಂದೆ ಒಂದು, ಸರಿಸಮನಾದ ಅಂತರದಲ್ಲಿ, ನೆಟ್ಟಗೆ ಕೂತಿದ್ದವು. ಪಕ್ಕಕ್ಕೆ ಸರಿಸಿ ನೋಡಿದರೆ ಅಲ್ಲೂ ಸಾಲು, ಇನ್ನೊಂದು ಕಡೆಯೂ ಸಾಲು. ಓಡಿ ಹೋಗಿ ಮೇಡಂ ಅವರನ್ನು ಕರೆದೆ. ಮೇಡಂ ಬಂದು ನೋಡಿದವರು ನನ್ನ ಭುಜದ ಮೇಲೆ ಕೈಯಿಟ್ಟು ಹಾಗೇ ನಿಂತಿದ್ದರು.

ಆ ಚಿತ್ರವನ್ನು ಪ್ರಿಂಟ್ ಮಾಡಿಸಿ ಮನೆಗೆ ತಂದೆ. ಅತ್ತೆ ಕೈ ಒರೆಸಿಕೊಂಡು ಬಂದು ಕೈಗೆ ತೆಗೆದುಕೊಂಡರು. "ಚುಕ್ಕಿ ಎಷ್ಟು ಚೆಂದ ಇಟ್ಟಿದ್ದೀಯಾ. ಬಾಗಿಲ ಮುಂದಿನ ರಂಗೋಲಿ ಕೋಲಕ್ಕೆ ಇಟ್ಟ ಹಾಗೆ ಉಂಟು. ಗೆರೆ ಎಲ್ಲಿ?"

"ಗೆರೆ ಇದೆ ಅತ್ತೆ. ಡಿಎನ್ಎನೇ ಗೆರೆ. ಆದರೆ ಈ ಮೈಕ್ರೋಸ್ಕೋಪಿಗೆ ಅದು ಕಾಣಲ್ಲ. ಚಿನ್ನ ಮಾತ್ರ ಕಾಣುತ್ತೆ."

"ಕಾಣದಿದ್ರೆ ಉಂಟು ಅಂತ ಹೇಗೆ ಗೊತ್ತು?"

"ಗೆರೆ ಇಲ್ಲದಿದ್ರೆ ಚುಕ್ಕಿ ಹೀಗೆ ಸಾಲಾಗಿ ಕೂರ್ತಿರಲಿಲ್ಲ ಅತ್ತೆ."

ಅತ್ತೆ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

ಮರುದಿನ ಬೆಳಿಗ್ಗೆ ನಾನು ಚಪ್ಪಲಿ ಹಾಕಿಕೊಳ್ಳಲು ಹೊರಗೆ ಬಂದರೆ, ಬಾಗಿಲ ಮುಂದೆ ಸಾರಿಸಿದ ನೆಲದ ಮೇಲೆ ಬಿಳಿ ಚುಕ್ಕಿಗಳ ಒಂದೇ ಒಂದು ಸಾಲು. ಗೆರೆ ಇಲ್ಲ, ಹೂವಿಲ್ಲ, ಬಳ್ಳಿಯಿಲ್ಲ. ಹಾಲಿನ ಪ್ಯಾಕೆಟ್ ಹಾಕಲು ಬಂದ ಹೆಂಗಸು ಅದನ್ನೇ ನೋಡುತ್ತಾ ನಿಂತಿದ್ದಳು. "ಎನ್ನಮ್ಮಾ, ಕೋಲಂ ಪಾದಿಯಿಲ ವಿಟ್ಟುಟ್ಟೀಂಗಳಾ?" ಎಂದು ಕೇಳಿದಳು. ಕೋಲ ಅರ್ಧಕ್ಕೇ ಬಿಟ್ಟಿರಾ ಎಂದು.

ಅತ್ತೆ ಹಾಲು ತೆಗೆದುಕೊಂಡು, ಸೊಂಟದ ಮೇಲೆ ಕೈಯಿಟ್ಟು, ತಮಿಳಿನಲ್ಲಿ ಹೇಳಿದರು: "ಪೂರ್ತಿ ಹಾಕಿದ್ದೇನೆ. ಗೆರೆಯೂ ಇದೆ. ನಿನಗೆ ಕಾಣಿಸುತ್ತಾ ಇಲ್ಲ, ಅಷ್ಟೇ."

ಪಾಸಿಗೆ ಎಷ್ಟು ಬೇಕು

ಕೊನೆಗೂ ನನ್ನ ವೈವಾ ದಿನ ಬಂತು. ಥೀಸಿಸ್ ಬರೆದವರು ಪರೀಕ್ಷಕರ ಎದುರು ನಿಂತು ತಮ್ಮ ಕೆಲಸವನ್ನು ಸಮರ್ಥಿಸಿಕೊಳ್ಳಬೇಕು. ಯಾರು ಬೇಕಾದರೂ ಬಂದು ಕೂರಬಹುದು. ಮಾವ ಅವತ್ತು ಹೋಟೆಲನ್ನು ನನ್ನ ಗಂಡನಿಗೆ ಬಿಟ್ಟು, ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು, ಅತ್ತೆಯನ್ನೂ ಕರೆದುಕೊಂಡು ಬಂದಿದ್ದರು. ಮುಗಿದ ಮೇಲೆ ಎಲ್ಲರಿಗೂ ಕೊಡಲು ಒಂದು ಡಬ್ಬಿ ತುಂಬಾ ಬೋಂಡಾ, ದೊಡ್ಡ ಸ್ಟೀಲ್ ಫ್ಲಾಸ್ಕಿನಲ್ಲಿ ಕಾಫಿ. ಇಬ್ಬರೂ ಕೊನೆಯ ಸಾಲಿನಲ್ಲಿ ಫ್ಲಾಸ್ಕನ್ನು ನಡುವೆ ಇಟ್ಟುಕೊಂಡು ಕೂತಿದ್ದರು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಹಿರಿಯರು. ನಗದವರು ಎಂದು ಅವರಿಗೆ ಹೆಸರಿತ್ತು. ನಾನು ಹೇಳುವುದನ್ನೆಲ್ಲ ಹೇಳಿ ಮುಗಿಸುವ ತನಕ ಸುಮ್ಮನಿದ್ದರು. ಆಮೇಲೆ ಕೇಳಿದರು: "ನಿಮ್ಮ ಚಿತ್ರಗಳಲ್ಲಿ ಚಿನ್ನದ ಕಣಗಳು ಅಕ್ಕಪಕ್ಕ ಕೂತಿರುವುದು ಕಾಣುತ್ತದೆ. ಅವನ್ನು ಹಿಡಿದಿರುವುದು ಡಿಎನ್ಎ ಅಂತೀರಿ. ಉಪ್ಪಿನಿಂದ ಸುಮ್ಮನೆ ಅಂಟಿಕೊಂಡಿರಬಹುದಲ್ಲ?"

"ಬಿಸಿ ಮಾಡಿದರೆ ಗೊತ್ತಾಗುತ್ತೆ ಸರ್. ಡಿಎನ್ಎ ಜೋಡಿ ಬಿಸಿಗೆ ಬಿಟ್ಟುಕೊಳ್ಳುತ್ತೆ. ಕಣಗಳು ದೂರ ಹೋಗಿ ನೀರು ಮತ್ತೆ ಕೆಂಪಾಗುತ್ತೆ. ಉಪ್ಪಿನಿಂದ ಅಂಟಿದ್ದಾದರೆ ಎಷ್ಟು ಬಿಸಿ ಮಾಡಿದರೂ ನೀಲಿಯಾಗೇ ಇರುತ್ತೆ. ಮೂರನೇ ಅಧ್ಯಾಯದಲ್ಲಿ ಗ್ರಾಫ್ ಇದೆ."

"ಗ್ರಾಫ್ ನೋಡಿದೆ. ನನಗೆ ಕಣ್ಣಿನಿಂದ ನೋಡಬೇಕು."

ಅಲ್ಲಿದ್ದವರೆಲ್ಲರೂ ಮೇಡಂ ಕಡೆ ನೋಡಿದರು. ಮೇಡಂ ನನ್ನ ಕಡೆ ನೋಡಿ ತಲೆಯಾಡಿಸಿದರು, ತೋರಿಸು ಎಂದು. ಸಹಪಾಠಿ ಲ್ಯಾಬಿಗೆ ಓಡಿ ಎರಡು ಟ್ಯೂಬು ಮತ್ತು ಟ್ಯೂಬು ಬಿಸಿ ಮಾಡುವ ಪೆಟ್ಟಿಗೆ ತಂದಳು. ಒಂದು ಟ್ಯೂಬಿನಲ್ಲಿ ಡಿಎನ್ಎ ಜೋಡಿಸಿದ ಕಣಗಳು, ನೇರಳೆ. ಇನ್ನೊಂದರಲ್ಲಿ ಬೇಕೆಂದೇ ಉಪ್ಪು ಹಾಕಿ ಕೆಡಿಸಿದ ಕಣಗಳು, ನೀಲಿ. ಪೆಟ್ಟಿಗೆಯ ಪ್ಲಗ್ಗನ್ನು ಗೋಡೆಗೆ ಹಾಕಿದೆ. ದೀಪ ಹತ್ತಲಿಲ್ಲ. ಪಕ್ಕದ ಸಾಕೆಟ್ಟಿಗೆ ಹಾಕಿದೆ. ಅಲ್ಲೂ ಕರೆಂಟಿಲ್ಲ. ಪರೀಕ್ಷಕರು ಗಡಿಯಾರ ನೋಡಿಕೊಂಡರು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಮಾವ ಎದ್ದು ಬಂದರು. ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದು ಕೈಯಲ್ಲಿ ಲೋಟ. ನನ್ನ ಹತ್ತಿರ ಬಂದು ಮೆಲ್ಲಗೆ, "ಬಿಸಿ ಅಂದೆಯಲ್ಲ, ಇದು ಸಾಕಾಗ್ತದಾ?" ಎಂದರು. ಲೋಟಕ್ಕೆ ಕಾಫಿ ಬಗ್ಗಿಸಿದರು. ಹಬೆ ಎದ್ದಿತು.

ನಾನು ಮೇಡಂ ಕಡೆ ನೋಡಿದೆ. ಅವರು, "ಅರವತ್ತು ಡಿಗ್ರಿ ದಾಟಿದ್ದರೆ ಯಾವ ದ್ರವವಾದರೂ ಆಗುತ್ತೆ" ಎಂದು ಪರೀಕ್ಷಕರಿಗೆ ಇಂಗ್ಲಿಷಿನಲ್ಲಿ ಹೇಳಿದರು, ಕಾಫಿಯಲ್ಲಿ ಪ್ರಯೋಗ ಮಾಡುವುದು ದಿನನಿತ್ಯದ ಮಾತು ಅನ್ನುವ ಹಾಗೆ. ಪರೀಕ್ಷಕರು ಎದ್ದು ಬಂದು, ಮುಚ್ಚಳ ಭದ್ರವಾಗಿದೆಯೇ ನೋಡಿ, ಎರಡೂ ಟ್ಯೂಬುಗಳನ್ನು ಇಕ್ಕಳದಲ್ಲಿ ಹಿಡಿದು ತಾವೇ ಕಾಫಿಯಲ್ಲಿ ಮುಳುಗಿಸಿದರು. ಇಷ್ಟು ವರ್ಷದ ನನ್ನ ಕೆಲಸವೆಲ್ಲ ಒಂದು ಲೋಟ ಕಾಫಿಯೊಳಗೆ ಕೂತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಅವರು ಟ್ಯೂಬುಗಳನ್ನು ಎತ್ತಿ, ಕರವಸ್ತ್ರದಿಂದ ಒರೆಸಿ, ಬೆಳಕಿಗೆ ಹಿಡಿದರು. ಒಂದು ದಾಳಿಂಬೆ ರಸದ ಹಾಗೆ ಕೆಂಪಾಗಿತ್ತು. ಇನ್ನೊಂದು ಹಾಗೇ ನೀಲಿಯಾಗಿತ್ತು. ಅವರು ನೋಡುತ್ತಲೇ ನಿಂತಿದ್ದರು. ಅವರ ಕೈಯಲ್ಲೇ ತಣ್ಣಗಾಗುತ್ತಾ ಆಗುತ್ತಾ ಕೆಂಪು ಟ್ಯೂಬು ಮೆಲ್ಲಗೆ ನೇರಳೆಗೆ ತಿರುಗತೊಡಗಿತು. "ಸರಿ. ನನಗೆ ಇನ್ನು ಪ್ರಶ್ನೆ ಇಲ್ಲ" ಎಂದು ಹೇಳಿ ಹೋಗಿ ಕೂತರು. ಮಾವ ಅವರಿಗೆ ಬೇರೆ ಲೋಟದಲ್ಲಿ ಹೊಸ ಕಾಫಿ ಕೊಟ್ಟರು. ಕುಡಿದರು. ಮುಖದಲ್ಲಿ ಏನೂ ತೋರಿಸಲಿಲ್ಲ.

ಕ್ರಮದ ಪ್ರಕಾರ ಮೇಡಂ, "ಸಭಿಕರಲ್ಲಿ ಯಾರಿಗಾದರೂ ಪ್ರಶ್ನೆ ಇದ್ದರೆ ಕೇಳಬಹುದು" ಎಂದರು. ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಅವತ್ತು ಕೊನೆಯ ಸಾಲಿನಲ್ಲಿ ಒಂದು ಕೈ ಎದ್ದಿತು. ಮಾವನದು. ಅತ್ತೆ ಅವರ ಶರಟು ಹಿಡಿದು ಎಳೆಯುತ್ತಿದ್ದರು.

ಮಾವ ಎದ್ದು ನಿಂತು, ಕೈ ಮುಗಿದು, ತಮಿಳಿನಲ್ಲಿ ಬಹಳ ವಿನಯದಿಂದ ಪರೀಕ್ಷಕರನ್ನೇ ಕೇಳಿದರು: "ಸಾರ್, ನನಗೆ ಇದೆಲ್ಲ ಗೊತ್ತಾಗುವುದಿಲ್ಲ. ಎರಡು ಟ್ಯೂಬ್ ಹಾಕಿದಿರಿ. ಒಂದು ಕೆಂಪಾಯಿತು, ಒಂದು ಆಗಲಿಲ್ಲ. ಅಲ್ಲಿಗೆ ಐವತ್ತು ಪರ್ಸೆಂಟ್. ಮಗು ತುಂಬಾ ಕಷ್ಟಪಟ್ಟು ಓದಿದೆ. ಪಾಸಿಗೆ ಅಷ್ಟು ಸಾಕಲ್ವಾ?"

ನನಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಪರೀಕ್ಷಕರ ಗಡ್ಡ ಅಲುಗಾಡುತ್ತಿತ್ತು. ಅವರು ಖಾಲಿ ಲೋಟವನ್ನು ಮೇಜಿನ ಮೇಲಿಟ್ಟು, ಬಾಯಿ ಒರೆಸಿಕೊಂಡು, ಅಷ್ಟೇ ವಿನಯದಿಂದ ಉತ್ತರ ಕೊಟ್ಟರು.

"ಪಾಸಿಗೆ ಧಾರಾಳವಾಗಿ ಸಾಕು ಸಾರ್. ಕಾಫಿಯ ಮಾರ್ಕು ಬೇರೆ ಸೇರಿಸಿದರೆ ಫಸ್ಟ್ ಕ್ಲಾಸೇ ಬರುತ್ತೆ."